ಕಾಂಪೌಂಡರ್ ತಿಮ್ಮಯ್ಯನ ಒಡೆಯದ ಮಿಕ್ಸ್ಚರ್

ತಿಮ್ಮಯ್ಯನವರ ಹಣೆ ನೋಡಿದರೆ ವಾರ ಯಾವುದೆಂದು ಹೇಳಬಹುದಾಗಿತ್ತು. ಶನಿವಾರ ನಾಮ, ಸೋಮವಾರ ವಿಭೂತಿ, ಉಳಿದ ಐದು ದಿನ ಬರೀ ಹಣೆ. ಮಾಗಡಿ ರಸ್ತೆಯ ನಮ್ಮ ಧರ್ಮ ಔಷಧಾಲಯಕ್ಕೆ ಬರುತ್ತಿದ್ದ ಮುದುಕಿಯರಲ್ಲಿ ಪಂಚಾಂಗ ಓದಲು ಬಾರದವರು ಕಾಂಪೌಂಡರ ಹಣೆ ನೋಡಿಯೇ ಒಪ್ಪೊತ್ತು ಹಿಡಿಯುತ್ತಿದ್ದರು. ಒಂದು ಸಲ ಜ್ವರ ಬಂದು ಮಲಗಿ ಎದ್ದ ತಿಮ್ಮಯ್ಯನವರು ಸೋಮವಾರ ಬರೀ ಹಣೆಯಲ್ಲಿ ಕಾಣಿಸಿಕೊಂಡರೆಂದು ಹೆಗ್ಗನಹಳ್ಳಿಯ ಪಾಪಮ್ಮ ಎರಡು ಹೊತ್ತೂ ಮುದ್ದೆ ಉಂಡು, ಆಮೇಲೆ ಒಂದು ವಾರ ಅವರನ್ನು ಶಪಿಸಿದಳು.

ಅವರ ತಂದೆ ಹೆಗ್ಗನಹಳ್ಳಿಯ ನಾಮದ ಮನೆಯವರು, ಮನೆದೇವರು ತಿಮ್ಮಪ್ಪ. ತಾಯಿ ಅತ್ತಿಗುಪ್ಪೆಯ ವಿಭೂತಿ ಮನೆಯವರು, ಮನೆದೇವರು ಭೈರವ. ನಮ್ಮ ಕಡೆ ಇದು ಹೊಸದಲ್ಲ. ಹೆಣ್ಣು ಕೊಟ್ಟು ತರುವಾಗ ಯಾರೂ ಹಣೆ ನೋಡುವುದಿಲ್ಲ, ಹೊಲ ನೋಡುತ್ತಾರೆ. ಹಣೆ ನೆನಪಾಗುವುದು ಧಾರೆಯ ದಿನ. ತಿಮ್ಮಯ್ಯನವರ ಮದುವೆಯಲ್ಲಿ ದೊಡ್ಡಪ್ಪ ಬಂದು ಮದುಮಗನಿಗೆ ನಾಮ ಎಳೆದರು. ಸೋದರಮಾವ ಬಂದು ಅದನ್ನು ಒರೆಸಿ ವಿಭೂತಿ ಹಚ್ಚಿದರು. ದೊಡ್ಡಪ್ಪ ಮತ್ತೆ ಬಂದರು. ಮುಹೂರ್ತದ ಹೊತ್ತಿಗೆ ಹಣೆ, ಸುಣ್ಣ ಆರುವ ಮೊದಲೇ ಮಳೆ ಹೊಡೆದ ಗೋಡೆಯ ಹಾಗಿತ್ತಂತೆ. ಅವರ ಹೆಂಡತಿ ಯಶೋದಮ್ಮ ಇದನ್ನು ಸೊಪ್ಪು ಸೋಸುತ್ತಾ ನೆರೆಮನೆಯವಳಾದ ನನಗೆ ಹೇಳಿದ್ದು. ಅಂತರಪಟ ಸರಿದಾಗ ಮೊದಲು ಕಂಡದ್ದು ಗಂಡನ ಮುಖವಲ್ಲ, ಆ ಹಣೆಯಂತೆ. "ಇವರಿಗೆ ಯಾವುದೂ ಪೂರ್ತಿ ಅಂಟಲ್ಲ ಅಂತ ಅವತ್ತೇ ತಿಳ್ಕೊಂಡೆ," ಎಂದಳು.

ತಿಮ್ಮಯ್ಯನವರು ಓದಿದ್ದು ಲೋವರ್ ಸೆಕೆಂಡರಿ. ಆಮೇಲೆ ಪೇಟೆಯ ಔಷಧದ ಅಂಗಡಿಯೊಂದರಲ್ಲಿ ಹತ್ತು ವರ್ಷ ಸೀಸೆ ತೊಳೆದು, ತೊಳೆಯುತ್ತಾ ತೊಳೆಯುತ್ತಾ ಔಷಧ ಕಲಸುವುದನ್ನೂ ಕಲಿತರು. ಕೈ ಒಳ್ಳೆಯದು. ತೂಕ ತಪ್ಪುತ್ತಿರಲಿಲ್ಲ. ಸೀಸೆಗೆ ಅಂಟಿಸುವ ಅಳತೆಯ ಚೀಟಿಯನ್ನು ಕತ್ತರಿಯಿಂದ ಹಲ್ಲುಹಲ್ಲಾಗಿ ಕತ್ತರಿಸಿದರೆ ಒಂದು ಹಲ್ಲು ಇನ್ನೊಂದಕ್ಕಿಂತ ಕೂದಲೆಳೆಯಷ್ಟೂ ಉದ್ದವಿರುತ್ತಿರಲಿಲ್ಲ. ಕೆಟ್ಟದ್ದು ಬಾಯಿ. ಕೈ ಮಾಡಿದ್ದನ್ನು ಬಾಯಿ ಆಡದೆ ಬಿಡುತ್ತಿರಲಿಲ್ಲ. ವಾರಕ್ಕೆರಡು ದಿನ, ಮಂಗಳವಾರ ಮತ್ತು ಶುಕ್ರವಾರ, ಪೇಟೆಯಿಂದ ಬಸ್ಸಿನಲ್ಲಿ ಬರುತ್ತಿದ್ದ ಡಾಕ್ಟರಮ್ಮ ವತ್ಸಲಾ ಅವರನ್ನು ತಿಮ್ಮಯ್ಯನವರು "ನಮ್ ಜೊತೆ ಕೆಲಸ ಮಾಡೋ ಅಮ್ಮ" ಎನ್ನುತ್ತಿದ್ದರು. ಆಕೆ ಇಲ್ಲದ ದಿನ ತಿಮ್ಮಯ್ಯನವರ ಮಾತಿನಲ್ಲಿ "ನಾವು ಡಾಕ್ಟ್ರುಗಳು" ಎಂಬುದು ಬರದ ವಾಕ್ಯವೇ ಇರಲಿಲ್ಲ. ಯಾರಿಗೆ ಮೂಲವ್ಯಾಧಿ, ಯಾರ ಸೊಸೆಗೆ ಮೂರು ತಿಂಗಳು, ಯಾರು ಕೆಮ್ಮಿನ ಔಷಧವನ್ನು ಕೆಮ್ಮಿಲ್ಲದೆಯೂ ಕುಡಿಯುತ್ತಾರೆ ಎಂಬುದೆಲ್ಲ ಸಂಜೆಯೊಳಗೆ ರಾಜಾಜಿನಗರದ ಹೊಸ ಮನೆಗಳವರೆಗೂ ಗೊತ್ತಾಗಿರುತ್ತಿತ್ತು. ಆಗಿನ್ನೂ ಟೆಲಿಫೋನು ಬಂದಿರಲಿಲ್ಲ. ಅದರ ಅಗತ್ಯವೂ ಇರಲಿಲ್ಲ.

ಔಷಧಾಲಯವನ್ನು ನಡೆಸುತ್ತಿದ್ದದ್ದು ಊರಿನ ಸಂಘ. ಸಂಘ ಎಂದರೆ ಇಬ್ಬರು. ಅಧ್ಯಕ್ಷರು ವೆಂಕಟರಮಣಪ್ಪ, ಮರದ ಡಿಪೋ ಇಟ್ಟವರು, ಹಣೆ ತುಂಬ ನಾಮ. ಕಾರ್ಯದರ್ಶಿ ನಂಜುಂಡಪ್ಪ, ಹೊಲಗಳನ್ನು ನಿವೇಶನಗಳಿಗೆ ಮಾರಿ ಎರಡು ಮಹಡಿ ಕಟ್ಟಿದವರು, ಹಣೆ ತುಂಬ ವಿಭೂತಿ. ಔಷಧಾಲಯ ಕಟ್ಟಿದಾಗ ಬಾಗಿಲ ಮೇಲೆ ಯಾವ ದೇವರ ಪಟ ಹಾಕಬೇಕೆಂದು ಹದಿನೆಂಟು ತಿಂಗಳು ಚರ್ಚೆ ನಡೆದು, ಕೊನೆಗೆ ಒಂದು ಗಡಿಯಾರ ತೂಗುಹಾಕಿದರು. ಅದಕ್ಕೆ ಕೀಲಿ ಕೊಡುವವರು ಯಾರೆಂದು ತೀರ್ಮಾನವಾಗದೆ ಅದು ನಿಂತೇ ಇತ್ತು. ದೇವರನ್ನು ಇಬ್ಬರೂ ನನಗಿಂತ ಹೆಚ್ಚು ಹೊತ್ತು ಪೂಜಿಸುತ್ತಿದ್ದರು. ಅವನ ಮೇಲೆ ಇಬ್ಬರಿಗೂ ಅಷ್ಟು ಅಪನಂಬಿಕೆ ಯಾಕೆಂದು ನನಗೆ ತಿಳಿಯಲಿಲ್ಲ. ತಮ್ಮ ಕಾವಲಿಲ್ಲದಿದ್ದರೆ ಅವನು ಎದುರುಮನೆಗೆ ಹೋಗಿಬಿಡುತ್ತಾನೆ ಎಂಬಂತೆ ಇರುತ್ತಿದ್ದರು.

ಇವರ ಕೈಕೆಳಗೆ ತಿಮ್ಮಯ್ಯನವರು ಒಂಬತ್ತು ವರ್ಷದಿಂದ ಹಂಗಾಮಿ. ಔಷಧಾಲಯದ ಹಿಂದಿನ ಒಂದು ಕೋಣೆಯಲ್ಲಿ ಗಂಡ ಹೆಂಡತಿ ಸಂಸಾರ. ಹಂಗಾಮಿ ಎಂದರೆ ಯಾವ ದಿನ ಬೇಕಾದರೂ ಕೆಲಸವೂ ಹೋಗಬಹುದು, ಕೋಣೆಯೂ ಹೋಗಬಹುದು. ಕಾಯಂ ಆದರೆ ಎರಡೂ ಬದುಕಿರುವ ತನಕ. ಐವತ್ತಾರರ ಬೇಸಿಗೆಯಲ್ಲಿ, ಬರುವ ಕಾರಹುಣ್ಣಿಮೆ ಆದ ಮೇಲಿನ ಭಾನುವಾರದ ಸಭೆಯಲ್ಲಿ ಕಾಯಂ ಮಾಡುತ್ತೇವೆಂದು ಸಂಘ ಮಾತು ಕೊಟ್ಟಿತು. ಯಶೋದಮ್ಮ ಆ ಮಾತನ್ನು ನಂಬಿ ಕೋಣೆಯ ಹಿಂದೆ ಕರಿಬೇವಿನ ಸಸಿ ನೆಟ್ಟಳು. ಅದುವರೆಗೆ ಅವಳು ಒಂಬತ್ತು ವರ್ಷ ಡಬ್ಬದಲ್ಲೇ ತುಳಸಿ ಬೆಳೆಸಿದ್ದಳು, ಎತ್ತಿಕೊಂಡು ಹೋಗಲು ಸುಲಭವೆಂದು.

ಆ ಬೇಸಿಗೆಯಲ್ಲೇ ಗೋಂದು ಮುಗಿಯಿತು.

ನಮ್ಮ ಔಷಧಾಲಯದಲ್ಲಿ ಹೆಚ್ಚು ಖರ್ಚಾಗುತ್ತಿದ್ದದ್ದು ಮಕ್ಕಳ ಹರಳೆಣ್ಣೆ ಮಿಕ್ಸ್ಚರ್. ಬರೀ ಹರಳೆಣ್ಣೆ ಕುಡಿಸಬೇಕಾದರೆ ಒಬ್ಬರು ಮೂಗು ಹಿಡಿಯಬೇಕು, ಒಬ್ಬರು ಕಾಲು ಹಿಡಿಯಬೇಕು. ಅದನ್ನೇ ನೀರು, ಗೋಂದು, ಚೂರು ಏಲಕ್ಕಿಯ ಜೊತೆ ಪಿಂಗಾಣಿ ಒರಳಿನಲ್ಲಿ ಅರೆದು ಹಾಲಿನ ಹಾಗೆ ಮಾಡಿಕೊಟ್ಟರೆ ಮಕ್ಕಳು ಸುಮ್ಮನೆ ನುಂಗುತ್ತವೆ. ಗೋಂದಿಲ್ಲದಿದ್ದರೆ ಎಷ್ಟು ಅರೆದರೂ ಕಾಲು ಗಂಟೆಯಲ್ಲಿ ಎಣ್ಣೆ ಮೇಲೆ, ನೀರು ಕೆಳಗೆ. ಗೋಂದು ತರಿಸುವ ಕಾಗದಕ್ಕೆ ಅಧ್ಯಕ್ಷರ ಸಹಿಯೂ ಬೇಕು, ಕಾರ್ಯದರ್ಶಿಯ ಸಹಿಯೂ ಬೇಕು. ಆ ವರ್ಷ ಯಾರೋ ಹೊಸ ನಮೂನೆ ಅಚ್ಚು ಹಾಕಿಸಿದ್ದರು. ಅದರಲ್ಲಿ ಎರಡು ಸಹಿಯ ಜಾಗ ಒಂದರ ಕೆಳಗೊಂದು ಇತ್ತು. ಕೆಳಗೆ ಸಹಿ ಹಾಕಲು ಇಬ್ಬರೂ ಒಪ್ಪಲಿಲ್ಲ. ಕಾಗದ ಡಿಪೋಗೂ ಮಹಡಿಮನೆಗೂ ನಾಲ್ಕು ತಿಂಗಳು ಓಡಾಡಿತು.

ಅಷ್ಟೂ ದಿನ ಮಿಕ್ಸ್ಚರ್ ಒಡೆಯುತ್ತಲೇ ಇತ್ತು. "ಅಲ್ಲಾಡಿಸಿ ಕುಡಿಸಿ" ಎಂದು ಚೀಟಿಯಲ್ಲಿ ಬರೆದಿದ್ದರೂ ಓದಬಲ್ಲವರು ಎಷ್ಟು ಜನ? ಮೇಲಿನ ಚಮಚ ಕುಡಿದ ಮಗುವಿಗೆ ರಾತ್ರಿಯೆಲ್ಲ ಹೊಟ್ಟೆ ನಿಲ್ಲಲಿಲ್ಲ, ತಳದ ಚಮಚ ಕುಡಿದ ಮಗುವಿಗೆ ಏನೂ ಆಗಲಿಲ್ಲ. ತಾಯಂದಿರು ಬಂದು ತಿಮ್ಮಯ್ಯನವರನ್ನು ಬೈದರು. ಅವರು ಬೈಸಿಕೊಳ್ಳುವಾಗಲೂ ನಾವು ಡಾಕ್ಟ್ರುಗಳು ಎಂದೇ ಮಾತು ಶುರುಮಾಡುತ್ತಿದ್ದರು.

ಒಂದು ಶನಿವಾರ ಬೆಳಿಗ್ಗೆ ಅವರು ಎಡಗೈಯಲ್ಲಿ ನೀರು ಹಾಕಿಕೊಂಡು ನಾಮದ ಉಂಡೆ ಉಜ್ಜುತ್ತಾ ನಿಂತಿದ್ದರು. ಮೇಲುಕೋಟೆಯಿಂದ ಯಾರೋ ತಂದುಕೊಟ್ಟ ಬಿಳಿಮಣ್ಣು, ಬೆಣ್ಣೆಯಂತೆ ನುಣುಪು. ಒಬ್ಬ ತಾಯಿ ಅವಸರ ಮಾಡಿದಳೆಂದು ಹಾಗೆಯೇ ಹರಳೆಣ್ಣೆ ಸೀಸೆ ಎತ್ತಿದರು. ನಾಲ್ಕು ತೊಟ್ಟು ಅಂಗೈಗೆ ಬಿತ್ತು. ಒರೆಸಲು ಬೆರಳಾಡಿಸಿದರೆ ಎಣ್ಣೆ ಹರಡಲಿಲ್ಲ. ಸಾಸಿವೆಯಷ್ಟು ಸಾಸಿವೆಯಷ್ಟು ಗುಂಡಗಾಗಿ, ಒಂದೊಂದೂ ಬಿಳಿಮಣ್ಣು ಹೊದ್ದುಕೊಂಡು ಉರುಳಿತು. ಎರಡು ಗುಂಡು ಒಂದಕ್ಕೊಂದು ತಾಗಿದರೂ ಕೂಡಿಕೊಳ್ಳಲಿಲ್ಲ, ಪಕ್ಕಕ್ಕೆ ಸರಿದವು. ತಿಮ್ಮಯ್ಯನವರು ಹಣೆಗೆ ಇಡುವುದನ್ನು ಮರೆತು ಉಂಡೆಯನ್ನೇ ಒರಳಿಗೆ ಕೆರೆದರು. ಅರೆದರು, ಎಣ್ಣೆ ಹನಿಸಿದರು, ಮತ್ತೆ ಅರೆದರು. ಹಾಲು ಬಂತು. ಮಧ್ಯಾಹ್ನಕ್ಕೂ ಹಾಲಾಗಿಯೇ ಇತ್ತು. ಭಾನುವಾರ ಇತ್ತು. ಸೋಮವಾರವೂ ಇತ್ತು. ಆ ಶನಿವಾರ ಅವರ ಹಣೆ ಖಾಲಿಯಿದ್ದದ್ದನ್ನು ನೋಡಿ ಎಷ್ಟು ಮುದುಕಿಯರ ವ್ರತ ಕೆಟ್ಟಿತೋ ನಾನು ಲೆಕ್ಕವಿಡಲಿಲ್ಲ.

ಮಂಗಳವಾರ ಡಾಕ್ಟರಮ್ಮ ಸೀಸೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ನಾನು ಸಾಲಿನಲ್ಲಿ ಮೊದಲಿಗಳಾಗಿ ಕೂತಿದ್ದರಿಂದ ಅವರು ಹೇಳಿದ್ದು ಪೂರ್ತಿ ಕೇಳಿಸಿತು. ಎಣ್ಣೆಗೂ ನೀರಿಗೂ ಆಗುವುದಿಲ್ಲ ಎನ್ನುವುದು ಎಲ್ಲರಿಗೂ ಗೊತ್ತು. ಆದರೆ ಈ ಮಣ್ಣಿನ ಪುಡಿಗೆ ಎರಡೂ ಆಗುತ್ತದೆ, ಸ್ವಲ್ಪ ಸ್ವಲ್ಪ. ಒಂದು ಮಗ್ಗುಲು ನೀರಿನಲ್ಲಿ ನೆನೆದರೆ ಇನ್ನೊಂದು ಮಗ್ಗುಲು ಎಣ್ಣೆಯಲ್ಲಿ ನೆನೆಯುತ್ತದೆ. ಅದಕ್ಕೇ ಅದು ಎಣ್ಣೆಯ ಒಳಗೂ ಹೋಗುವುದಿಲ್ಲ, ನೀರಿನ ತಳಕ್ಕೂ ಇಳಿಯುವುದಿಲ್ಲ, ಎರಡೂ ಸೇರುವ ಗಡಿಯಲ್ಲೇ ಕೂರುತ್ತದೆ. ಒಮ್ಮೆ ಅಲ್ಲಿ ಕೂತ ಪುಡಿಯನ್ನು ಎಬ್ಬಿಸುವುದು ಬಲು ಕಷ್ಟ. ಎಳ್ಳು ಮೆತ್ತಿದ ಉಂಡೆಯ ಹಾಗೆ ಒಂದೊಂದು ಎಣ್ಣೆಹನಿಗೂ ಸುತ್ತ ಮಣ್ಣು ಮೆತ್ತಿಕೊಂಡರೆ ಹನಿಗೆ ಹನಿ ತಾಗಿದರೂ ಒಳಗಿನ ಎಣ್ಣೆಗೆ ಎಣ್ಣೆ ಸಿಗುವುದಿಲ್ಲ. ಸಿಗದಿದ್ದರೆ ದೊಡ್ಡ ಹನಿಯಾಗಿ ಮೇಲೇಳುವುದೂ ಇಲ್ಲ.

"ಮಣ್ಣನ್ನ ಬಾಣಲೇಲಿ ಚೆನ್ನಾಗಿ ಕಾಯಿಸಿ ಉಪಯೋಗಿಸಿ ತಿಮ್ಮಯ್ಯ," ಎಂದರು ಡಾಕ್ಟರಮ್ಮ. "ಇನ್ನೊಂದು ಮಾತು. ಯಾವ ಮಣ್ಣು ಅಂತ ಯಾರಿಗೂ ಹೇಳೋಕೆ ಹೋಗ್ಬೇಡಿ."

ತಿಮ್ಮಯ್ಯನವರು ಗಂಭೀರವಾಗಿ ತಲೆಯಾಡಿಸಿದರು. ಡಾಕ್ಟರಮ್ಮನ ಬಸ್ಸು ಹೋಗುವವರೆಗೆ ತಡೆದುಕೊಂಡರು. ಅಷ್ಟು ಹೊತ್ತು ಅವರು ಬಾಯಿ ಮುಚ್ಚಿಕೊಂಡಿದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

ಮೊದಲು ಅವರ ಕೈಗೆ ಸಿಕ್ಕವರು ಲಿಂಗಮ್ಮ. ಎಂಬತ್ತು ದಾಟಿದ ಮುದುಕಿ, ಕಿವಿ ಚುರುಕು, ಕಾರ್ಯದರ್ಶಿ ನಂಜುಂಡಪ್ಪನವರ ತಾಯಿ. ಸೋಮವಾರ ಮರಿಮಗನಿಗೆ ಒಯ್ದ ಮಿಕ್ಸ್ಚರ್ ಮುಗಿದು, ಇನ್ನೊಂದು ಸೀಸೆ ಒಯ್ಯಲು ಬಂದಿದ್ದರು. ಈ ಸಲದ್ದು ಒಡೆದಿಲ್ಲವಲ್ಲ, ಏನು ಮಾಡಿದೆ ಎಂದು ಸುಮ್ಮನೆ ಕೇಳಿದರು. ತಿಮ್ಮಯ್ಯನವರು ಅಂಗೈ ತೋರಿಸಿ, ತೊಟ್ಟು ಬಿದ್ದದ್ದು, ಉರುಳಿದ್ದು, ತಾವು ಕಂಡುಹಿಡಿದದ್ದು, ವಿಲಾಯತಿ ಡಾಕ್ಟರಿಗೂ ಹೊಳೆಯದ್ದು ಎಲ್ಲ ಹೇಳಿ, "ನಾಮದ ಮಣ್ಣು ಕಣಜ್ಜಿ" ಎಂದು ಮುಗಿಸಿದರು. ಲಿಂಗಮ್ಮ ಬೊಚ್ಚುಬಾಯಿ ತುಂಬ ನಕ್ಕು, ಮನೆಗೆ ಹೋಗಿ ಮಗನಿಗೆ ಹೇಳಿದರು. ಮುದುಕಿಗೆ ಹೊತ್ತು ಹೋಗುತ್ತಿರಲಿಲ್ಲ.

ಅರ್ಧ ಗಂಟೆಯಲ್ಲಿ ನಂಜುಂಡಪ್ಪ ಬಂದರು. ಮೊಮ್ಮಗನ ಹೊಟ್ಟೆಗೆ ನಾಮ ಇಳಿಸಿದ್ದಾರೆ ಎಂಬುದು ಅವರ ದೂರು. ತಾತ ಮುತ್ತಾತಂದಿರ ಕಾಲದಿಂದ ಆ ಮನೆಯಲ್ಲಿ ಹಣೆಗೇ ಹತ್ತದ್ದು ಕರುಳಿಗೆ ಹತ್ತಿಹೋಯಿತಲ್ಲ. ಮಗುವಿನ ಹೊಟ್ಟೆನೋವು ಹೋಯಿತೇ ಎಂದು ಯಾರೋ ಕೇಳಿದರು. ಹೋಯಿತಂತೆ, ಅದೇ ಅವರಿಗೆ ಇನ್ನಷ್ಟು ಸಂಕಟ. ಭಾನುವಾರದ ಸಭೆಯಲ್ಲಿ ಈ ಮನುಷ್ಯನನ್ನು ಕಾಯಂ ಮಾಡುವುದಿರಲಿ, ಕೋಣೆಯಿಂದ ಪಾತ್ರೆಪಡಗದ ಸಮೇತ ಹೊರಗೆ ಹಾಕಿಸುತ್ತೇನೆ ಎಂದು ಹೇಳಿ ಹೋದರು.

ಮರುದಿನ ಸುದ್ದಿ ಡಿಪೋಗೆ ಮುಟ್ಟಿತು. ವೆಂಕಟರಮಣಪ್ಪನವರು ಆ ದಿನ ಗಿರಾಕಿಗಳಿಗೆಲ್ಲ ಕಾಫಿ ಕೊಡಿಸಿದರು. ನಾಮವಿಲ್ಲದೆ ಎಣ್ಣೆಗೂ ನೀರಿಗೂ ಗತಿಯಿಲ್ಲ ಎಂದು ಸ್ವಾಮಿಯೇ ತೋರಿಸಿಕೊಟ್ಟಿದ್ದಾನೆ, ಇನ್ನು ಮೇಲೆ ಆ ಸೀಸೆಗೆ ಶ್ರೀನಿವಾಸ ಮಿಕ್ಸ್ಚರ್ ಎಂದು ಚೀಟಿ ಹಾಕಬೇಕು ಎಂದರು. ತಿಮ್ಮಯ್ಯನವರನ್ನು ಕರೆಸಿ ಬೆನ್ನು ತಟ್ಟಿದರು. ಈ ಮನುಷ್ಯನೂ ಹಿಗ್ಗಿ, ಅಲ್ಲಿಂದ ಬರುವಾಗ ಬುಧವಾರವಾದರೂ ಹಣೆಗೆ ಒಂದು ನಾಮ ಎಳೆದುಕೊಂಡು ಬಂದರು. ಹೆಗ್ಗನಹಳ್ಳಿ ಪಾಪಮ್ಮ ಶನಿವಾರವೆಂದು ತಿಳಿದು ಉಪವಾಸ ಮಾಡಿದಳು.

ನಂಜುಂಡಪ್ಪ ಸುಮ್ಮನಿರುವವರಲ್ಲ. ಗುರುವಾರ ಒಂದು ವಿಭೂತಿ ಗಟ್ಟಿ ಕಳಿಸಿದರು. ಇದರಲ್ಲಿ ಮಾಡು, ಅದೇ ಹಾಲು ಬರದಿದ್ದರೆ ನೋಡು ಎಂದು ಹೇಳಿಕಳಿಸಿದರು. ತಿಮ್ಮಯ್ಯನವರು ಅದನ್ನು ಚಾಕುವಿನಲ್ಲಿ ಕೆರೆದು, ನೀರು ಸುರಿದು, ಎಣ್ಣೆ ಹುಯ್ದು ಅರೆದರು. ಒಂದು ಗಂಟೆಯಲ್ಲಿ ತಳದಲ್ಲಿ ಬೂದಿ, ನಡುವೆ ನೀರು, ಮೇಲೆ ಎಣ್ಣೆ. ವೆಂಕಟರಮಣಪ್ಪನವರು ಬಂದು ನೋಡಿ, ಮುಳುಗಿಹೋಯ್ತಲ್ಲ ಎಂದು ಸೀಸೆಯನ್ನು ಬಾಗಿಲ ಹೊಸ್ತಿಲ ಮೇಲೆ ನಾಲ್ಕು ಜನ ನೋಡುವ ಹಾಗೆ ಇಡಿಸಿದರು. ನಂಜುಂಡಪ್ಪನವರು, ಬೇಕೆಂದೇ ಕೆಡಿಸಿದ್ದಾನೆ, ಅವರಪ್ಪ ನಾಮದವನಲ್ಲವೆ ಎಂದರು. ತಾಯಿ ವಿಭೂತಿಯವಳು ಎಂಬುದು ಆಗ ಅವರಿಗೆ ನೆನಪಾಗಲಿಲ್ಲ. ಆ ಸಂಜೆ ತಿಮ್ಮಯ್ಯನವರು ಮೊದಲ ಸಲ ಮಂಕಾಗಿ ಕೂತರು. ಮಣ್ಣು ಗೆದ್ದರೆ ಕಾರ್ಯದರ್ಶಿ ಹೊರಗೆ ಹಾಕಿಸುತ್ತಾರೆ, ಬೂದಿ ಗೆದ್ದರೆ ಅಧ್ಯಕ್ಷರು ಬಿಡುತ್ತಾರೆಯೇ?

ಯಶೋದಮ್ಮ ಹಿತ್ತಿಲಲ್ಲಿ ಕರಿಬೇವಿಗೆ ನೀರು ಹಾಕಿ ಬಂದು, ಹೊಸ್ತಿಲ ಮೇಲಿದ್ದ ಸೀಸೆಯ ತಳವನ್ನು ನೋಡಿದಳು. ನಾನೂ ಜೊತೆಗಿದ್ದೆ.

"ಇದನ್ನ ಜರಡಿ ಹಿಡಿದ್ರಾ?" ಎಂದಳು.

"ವಿಭೂತಿನ ಯಾರಾದ್ರೂ ಜರಡಿ ಹಿಡೀತಾರೇನೇ?"

"ನಾಮದ ಮಣ್ಣು ಉಂಡೆ ಮಾಡೋಕೆ ಮುಂಚೇನೇ ನೀರಲ್ಲಿ ಕದಡಿ ಕೆನೆ ಮಾತ್ರ ತೆಗೆದಿರ್ತಾರೆ. ಇದು ನೋಡಿ, ರವೆ ಥರ ಇದೆ. ರವೆ ಮುಳುಗದೆ ತೇಲುತ್ತಾ?"

ಅವಳು ವಿಭೂತಿಯನ್ನು ಬೀಸುವ ಕಲ್ಲಿಗೆ ಹಾಕಿ ಮೂರು ಸಲ ಬೀಸಿದಳು. ಗಂಡನ ಹಳೆಯ ಮಲ್ ಪಂಚೆಯ ಚೂರಿನಲ್ಲಿ ಗಾಳಿಸಿದಳು. ಬಂದದ್ದು ಮುಖಕ್ಕೆ ಹಾಕುವ ಪೌಡರಿನಂತೆ ಇತ್ತು. ತಿಮ್ಮಯ್ಯನವರ ಹಾಗೆ ಒಮ್ಮೆಗೇ ನೀರು ಸುರಿಯದೆ, ಮೊದಲು ನಾಲ್ಕು ತೊಟ್ಟು ಎಣ್ಣೆ, ನಾಲ್ಕು ತೊಟ್ಟು ನೀರು ಹಾಕಿ ಚಪಾತಿ ಹಿಟ್ಟಿನಂತೆ ನಾದಿ, ಆಮೇಲೆ ಸ್ವಲ್ಪ ಸ್ವಲ್ಪವಾಗಿ ಎರಡನ್ನೂ ಸೇರಿಸುತ್ತಾ ಅರೆದಳು. ಹಾಲು ಬಂತು. ಮರುದಿನವೂ ಇತ್ತು. ಶುಕ್ರವಾರ ಬಂದ ಡಾಕ್ಟರಮ್ಮ ಅದನ್ನೂ ಬೆಳಕಿಗೆ ಹಿಡಿದು ನೋಡಿ, ಪುಡಿ ಸಣ್ಣಗಿದ್ದು ಎರಡರಲ್ಲೂ ಅರೆಬರೆ ನೆನೆದರೆ ಸಾಕು, ಅದರ ಕುಲಗೋತ್ರ ಎಣ್ಣೆಗೂ ಬೇಕಿಲ್ಲ, ನೀರಿಗೂ ಬೇಕಿಲ್ಲ ಎಂದು ಹೇಳಿ ಬಸ್ಸಿಗೆ ಹೊರಟರು. ಸಭೆಗೆ ಅವರನ್ನು ಯಾರೂ ಕರೆದಿರಲಿಲ್ಲ. ಔಷಧ ಗೊತ್ತಿದ್ದವರಿಗೆ ಸಂಘದಲ್ಲಿ ಜಾಗವಿರಲಿಲ್ಲ.

ಭಾನುವಾರ ಮೂರು ಗಂಟೆಗೆ ಸಭೆ. ಗಂಡಸರು ಒಳಗೆ ಜಮಖಾನೆಯ ಮೇಲೆ, ನಾವು ಹೆಂಗಸರು ಜಗುಲಿಯಲ್ಲಿ ಕಿಟಕಿಯ ಕೆಳಗೆ. ಲಿಂಗಮ್ಮ ಮಧ್ಯದಲ್ಲಿ, ಎಲೆ ಅಡಿಕೆ ಕುಟ್ಟಿಕೊಳ್ಳುತ್ತಾ. ಯಶೋದಮ್ಮ ಎರಡು ಸೀಸೆ ತುಂಬಿ ಗಂಡನ ಕೈಗೆ ಕೊಟ್ಟಿದ್ದಳು. ಎರಡೂ ಬಿಳಿ, ಎರಡೂ ಒಂದೇ ಮಟ್ಟ. ಚೀಟಿ ಇರಲಿಲ್ಲ.

ತಿಮ್ಮಯ್ಯನವರು ಎರಡನ್ನೂ ಮುಖಂಡರ ಮುಂದಿಟ್ಟು ಕೈಮುಗಿದರು. ಒಂದು ನಾಮದ್ದು, ಒಂದು ವಿಭೂತಿದು, ಎರಡೂ ಮೂರು ದಿನದಿಂದ ಒಡೆದಿಲ್ಲ ಎಂದರು. ವೆಂಕಟರಮಣಪ್ಪನವರು ಒಂದನ್ನು ಎತ್ತಿ ನೋಡಿ ಇಟ್ಟರು. ನಂಜುಂಡಪ್ಪನವರು ಇನ್ನೊಂದನ್ನು ಮೂಸಿದರು.

"ಯಾವ್ದು ಯಾವ್ದು ಹೇಳಯ್ಯ," ಎಂದರು ಅಧ್ಯಕ್ಷರು.

"ಗೊತ್ತಿಲ್ಲ ಬುದ್ಧಿ."

ಯಾರೂ ನಂಬಲಿಲ್ಲ. ತಿಮ್ಮಯ್ಯನಿಗೆ ಗೊತ್ತಿದ್ದೂ ಹೇಳದೆ ಇರುವುದು ಉಂಟೇ? ಆದರೆ ಅದು ನಿಜವಾಗಿತ್ತು. ಇಪ್ಪತ್ತು ವರ್ಷ ಆ ಬಾಯಿಯ ಜೊತೆ ಸಂಸಾರ ಮಾಡಿದ ಯಶೋದಮ್ಮ ಯಾವುದರಲ್ಲಿ ಯಾವುದಿದೆ ಎಂದು ಗಂಡನಿಗೆ ಹೇಳಿಯೇ ಇರಲಿಲ್ಲ. ನನ್ನ ಪಕ್ಕದಲ್ಲಿ ಸೆರಗು ಬಾಯಿಗೆ ಒತ್ತಿಕೊಂಡು ಕೂತಿದ್ದಳು.

ರುಚಿ ನೋಡಿ ತಿಳಿಯಬಹುದು ಎಂದು ಹಿಂದಿನಿಂದ ಯಾರೋ ಸಲಹೆ ಕೊಟ್ಟರು. ಚಮಚ ಬಂತು. ಅಧ್ಯಕ್ಷರು ಕಾರ್ಯದರ್ಶಿಯ ಕಡೆ ಸರಿಸಿದರು. ಕಾರ್ಯದರ್ಶಿ ಅಧ್ಯಕ್ಷರ ಕಡೆ ಸರಿಸಿದರು. ತಮ್ಮದೆಂದು ಕುಡಿದದ್ದು ಎದುರಿನವರದ್ದಾಗಿದ್ದರೆ? ಚಮಚ ಆ ಜಮಖಾನೆಯ ಮೇಲೆ ಐದು ಸಲ ಓಡಾಡಿತು, ಗೋಂದಿನ ಕಾಗದದ ಹಾಗೆ.

ಆಗ ಲಿಂಗಮ್ಮ ಕಿಟಕಿಯ ಕಂಬಿ ಹಿಡಿದು ಎದ್ದುನಿಂತರು.

"ಲೇ ನಂಜುಂಡ, ಇಲ್ಲಿ ಕೊಡೋ ಎರಡನ್ನೂ. ಮೂರು ದಿವಸದಿಂದ ನನಗೆ ಹೊರಕಡೆ ಆಗಿಲ್ಲ."

ಜಗುಲಿಯ ಹೆಂಗಸರು ನಕ್ಕರು. ಒಳಗೆ ಬಾಗಿಲ ಬಳಿ ಕೂತಿದ್ದ ಗಂಡಸರೂ ನಕ್ಕರು. ನಗು ಹಿಂದಿನ ಸಾಲಿನಿಂದ ಮುಂದಿನ ಸಾಲಿಗೆ ಬಂತು. ಮುಂದಿನ ಸಾಲು ನಗುವುದನ್ನು ಅಧ್ಯಕ್ಷರು ಅದುವರೆಗೆ ನೋಡಿರಲಿಲ್ಲ, ಕಾರ್ಯದರ್ಶಿಯೂ ನೋಡಿರಲಿಲ್ಲ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಂಬತ್ತು ವರ್ಷದಲ್ಲಿ ಅವರು ಹಾಗೆ ನೋಡಿಕೊಂಡದ್ದು ಅದೇ ಮೊದಲು ಎನ್ನಬೇಕು.

ಗೋಂದಿಗೆ ನಾಲ್ಕು ತಿಂಗಳು ಸಿಗದ ಎರಡು ಸಹಿ, ತಿಮ್ಮಯ್ಯನವರನ್ನು ಕೆಲಸದಿಂದ ತೆಗೆಯುವ ಕಾಗದಕ್ಕೆ ಹತ್ತು ನಿಮಿಷದಲ್ಲಿ ಬಿತ್ತು. ಔಷಧಾಲಯದ ಗೌರವಕ್ಕೆ ಕುಂದು ತಂದದ್ದು ಎಂದು ಕಾರಣ ಬರೆದರು. ಮೇಲೆ ಕೆಳಗೆ ಎಂಬ ತೊಂದರೆಯೂ ಬರಲಿಲ್ಲ. ಕಾಗದದ ನಡುವೆ ಒಂದು ಗೆರೆ ಎಳೆದು, ಎಡಗಡೆ ಒಬ್ಬರು, ಬಲಗಡೆ ಒಬ್ಬರು, ಒಂದೇ ಮಟ್ಟದಲ್ಲಿ ಸಹಿ ಹಾಕಿದರು. ಇಷ್ಟು ಸುಲಭದ ಉಪಾಯ ಮಕ್ಕಳ ಔಷಧಕ್ಕೆ ಹೊಳೆದಿರಲಿಲ್ಲ.

ಹಿಂದಿನ ಕೋಣೆಯಿಂದ ಎರಡು ಟ್ರಂಕು, ಬೀಸುವ ಕಲ್ಲು, ತುಳಸಿಯ ಡಬ್ಬ ಹೊರಬಂದವು. ಕರಿಬೇವು ಬೇರು ಬಿಟ್ಟಿತ್ತು. ಯಶೋದಮ್ಮ ಅದನ್ನು ಕೀಳಲಿಲ್ಲ. ಅತ್ತಿಗುಪ್ಪೆಯಲ್ಲಿ ಅತ್ತೆಯ ತವರಿನವರು ದನದ ಕೊಟ್ಟಿಗೆಯ ಪಕ್ಕದ ಕೋಣೆ ಬಿಟ್ಟುಕೊಟ್ಟರು. ಮಾರನೆಯ ಸೋಮವಾರ ಔಷಧಾಲಯಕ್ಕೆ ಬಂದ ಮುದುಕಿಯರಿಗೆ ವಾರ ತಿಳಿಯಲಿಲ್ಲ.

ಮುಂದಿನದು ಹೇಳಲು ಹೆಚ್ಚೇನೂ ಇಲ್ಲ. ಹೊಸ ಕಾಂಪೌಂಡರ್ ಎಂಥವನಿರಬೇಕು ಎಂಬುದರ ಮೇಲೆ ಮತ್ತೆ ಜಗಳವಾಯಿತು. ಒಟ್ಟಿಗೆ ಬೈಯಲು ಒಬ್ಬನಿದ್ದಾಗ ಹೇಗೋ ಕೂಡಿಕೊಂಡಿದ್ದವರು ಅವನು ಹೋದ ಮೇಲೆ ಒಂದು ಜಮಖಾನೆಯ ಮೇಲೆ ಕೂರದಾದರು. ನವೆಂಬರಿನಲ್ಲಿ ಕನ್ನಡದ ಸೀಮೆಗಳೆಲ್ಲ ಸೇರಿ ರಾಜ್ಯ ಒಂದಾಯಿತು. ಅದೇ ತಿಂಗಳು ನಮ್ಮ ಔಷಧಾಲಯ ಎರಡಾಯಿತು. ರಸ್ತೆಯ ಈ ಕಡೆ ಒಂದು, ಆ ಕಡೆ ಒಂದು, ಎರಡರ ಬಾಗಿಲ ಮೇಲೂ ದೇವರ ಪಟ, ಎರಡರೊಳಗೂ ಔಷಧವಿಲ್ಲ. ಗಡಿಯಾರವನ್ನು ಯಾರು ಒಯ್ದರೋ ತಿಳಿಯದು. ವತ್ಸಲಾ ಡಾಕ್ಟರಮ್ಮ ಯಾವ ಬಾಗಿಲಿಗೂ ಹೋಗದೆ, ಶುಕ್ರವಾರ ಬಸ್ಸಿಳಿದು, ರಸ್ತೆಬದಿಯ ಹೊಂಗೆಮರದ ಕೆಳಗೆ ಹಲಗೆಯ ಮೇಜು ಹಾಕಿಕೊಂಡ ತಿಮ್ಮಯ್ಯನವರ ಪಕ್ಕದಲ್ಲಿ ಕೂತು ಮಕ್ಕಳನ್ನು ನೋಡತೊಡಗಿದರು. ಡಾಕ್ಟರಮ್ಮ ಬರೆದರೆ ತಿಮ್ಮಯ್ಯನವರು ಕಲಸುತ್ತಿದ್ದರು. ಹರಳೆಣ್ಣೆ ಮಿಕ್ಸ್ಚರ್ ಮಾತ್ರ ಯಾವ ದಿನ ಹೋದರೂ ಸಿಗುತ್ತಿತ್ತು. ಎರಡೂ ಕಡೆಯ ಜನ ಬರುತ್ತಿದ್ದರು. ಬರುವಾಗ ಮಾತ್ರ ಮರದ ಆಚೆಯವರು ಆಚೆಯಿಂದ, ಈಚೆಯವರು ಈಚೆಯಿಂದ.

ಒಂದು ಶನಿವಾರ ಮಧ್ಯಾಹ್ನ ನಂಜುಂಡಪ್ಪನವರೇ ಬಂದರು. ಬಿಸಿಲಿದ್ದರೂ ಮೈತುಂಬ ಶಾಲು. ಶಾಲಿನೊಳಗಿಂದ ಖಾಲಿ ಸೀಸೆ ತೆಗೆದು ಮೇಜಿನ ಮೇಲಿಟ್ಟು, ರಸ್ತೆಯ ಕಡೆ ತಿರುಗಿ ನಿಂತರು. ಮೊಮ್ಮಗನಿಗೆ ಮತ್ತೆ ಹೊಟ್ಟೆನೋವು. ತಿಮ್ಮಯ್ಯನವರ ಹಣೆಯಲ್ಲಿ ನಾಮ ಹೊಳೆಯುತ್ತಿತ್ತು. ಅವರು ಹಿಂದಿನ ದಿನ ಅರೆದಿಟ್ಟ ಹಾಲನ್ನು ಸೀಸೆಗೆ ತುಂಬಿ, ಬಿರಟೆ ಒತ್ತಿ, ಹಲ್ಲುಚೀಟಿ ಅಂಟಿಸಿದರು.

ನಂಜುಂಡಪ್ಪನವರು ರಸ್ತೆ ನೋಡುತ್ತಲೇ ಕೇಳಿದರು:

"ಯಾವ್ದು ಹಾಕಿದೀಯ?"

ತಿಮ್ಮಯ್ಯನವರ ಬಾಯಿ ತೆರೆಯಿತು. ಈ ಸಲ ಅವರಿಗೆ ಗೊತ್ತಿತ್ತು. ಮರದ ಬುಡದಲ್ಲಿ ಕೂತು ಪುಡಿ ಗಾಳಿಸುತ್ತಿದ್ದ ಯಶೋದಮ್ಮನ ಕೈ ನಿಂತಿತು. ನನ್ನ ಸರದಿ ಮುಂದಿನದು, ನಾನೂ ಒಂದು ಹೆಜ್ಜೆ ಹತ್ತಿರ ಸರಿದೆ.

"ಹರಳೆಣ್ಣೆ ಹಾಕಿದೀನಿ ಬುದ್ಧಿ," ಎಂದರು ತಿಮ್ಮಯ್ಯ.

ನಂಜುಂಡಪ್ಪನವರು ಸೀಸೆಯನ್ನು ಬಿಸಿಲಿಗೆ ಹಿಡಿದು ನೋಡಿದರು. ಒಡೆದಿರಲಿಲ್ಲ. ಆದರೂ ಎರಡು ಸಲ ಅಲ್ಲಾಡಿಸಿ, ಶಾಲಿನೊಳಗೆ ಇಟ್ಟುಕೊಂಡು, ರಸ್ತೆ ದಾಟಿದರು.